ಅರ್ನೆಸ್ಟೀನಳ ಅಳು

“ಏಯ್ ಮಹಾದೇವಿ, ಆ ಕರಿಯಳನ್ನ ಪರದೆ ಹಿಂದೇನೇ ಇರಿಸು. ಗೆಸ್ಟ್‌ಗಳಿಗೆ ವಡೆ ಕೊಡೋಕೆ ಅವಳೇ ಬೇಕಾ? ನೀನೂ ಅಷ್ಟೆ, ಸೆರಗಲ್ಲಿ ಕೈ ಒರೆಸ್ಕೋಬೇಡ, ಗಲೀಜು ಮುಂಡೇದೆ.”

ಹೀಗೆ ಗದರಿ ರಾಜಲಕ್ಷ್ಮಿಯವರು ಮುಖದಲ್ಲಿ ನಗು ತಂದುಕೊಂಡು ಹೊರಗೆ ಹೋದರು. ಅಮೆರಿಕದ ಅಟ್ಲಾಂಟಾ ಪಕ್ಕದ ನಾರ್‌ಕ್ರಾಸಿನಲ್ಲಿ ಅವರದು ಹೋಟೆಲು. ದೋಸೆಕಲ್ಲಿನ ಮುಂದೆ ನಾನು, ಪಾತ್ರೆ ತೊಳೆಯಲು ಕಪ್ಪು ಜನಾಂಗದ ಅರ್ನೆಸ್ಟೀನ್. ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆದ ಮರುವರ್ಷ ರಾಜಲಕ್ಷ್ಮಿಯವರ ತಮ್ಮ ವೇಣುಗೋಪಾಲ ಅಲ್ಲಿನ ಗ್ಯಾಲರಿಯೊಂದರಲ್ಲಿ ತನ್ನ ಕಂಪ್ಯೂಟರ್ ಕಲೆಯ ಪ್ರದರ್ಶನ ಇಟ್ಟಿದ್ದ. ತಿಂಡಿ ನಮ್ಮದು.

ಚಟ್ನಿ ತುಂಬುತ್ತಿದ್ದೆ. ಪರದೆಯಾಚೆ ಪ್ರದರ್ಶನದ ಕತ್ತಲೆಕೋಣೆಯಿಂದ ಡ್ರಮ್ಮಿನ ಬಡಿತ ಶುರುವಾಯಿತು. ಅದರ ಮೇಲೆ ಹೆಂಗಸೊಬ್ಬಳ ಅಳು. ಅಳುವನ್ನು ತುಂಡು ತುಂಡು ಮಾಡಿ ತಾಳಕ್ಕೆ ಕೂರಿಸಿದ್ದರು.

ಅರ್ನೆಸ್ಟೀನ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

“ಅದು ನಾನು.”

ಅವಳ ಇಂಗ್ಲಿಷು ನನಗೆ ಅರ್ಧವೇ ತಿಳಿಯುತ್ತಿತ್ತು. ಆ ಅಳುವಿನ ಗುರುತು ಮಾತ್ರ ಪೂರಾ ಸಿಕ್ಕಿತು. ಹಿಂದಿನ ವರ್ಷ ಹೋಟೆಲಿನ ಫೋನಿಗೇ ಸುದ್ದಿ ಬಂದಿತ್ತು: ಅವಳ ಮಗ ಕರ್ಟಿಸ್‌ನನ್ನು ಯಾರೋ ಗುಂಡಿಕ್ಕಿ ಕೊಂದಿದ್ದರು. ಸಿಂಕಿನ ಬುಡದಲ್ಲಿ ಕುಸಿದವಳ ತಲೆಯನ್ನು ಎದೆಗೊತ್ತಿಕೊಂಡಿದ್ದೆ. ವೇಣುಗೋಪಾಲ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಸಣ್ಣ ರೆಕಾರ್ಡರು. ನೀರು ತಂದುಕೊಡುತ್ತಾನೆ ಅಂದುಕೊಂಡಿದ್ದೆ.

ಅವಳು ಪರದೆ ಸರಿಸಿ ಒಳಗೆ ನುಗ್ಗಿದಳು. ನಾನೂ ಹಿಂದೆ ಹೋದೆ. ಗೋಡೆಯ ಮೇಲೆ ಬಣ್ಣಗಳು ಓಡುತ್ತಿದ್ದವು. ನಾಲ್ಕು ಮೂಲೆಗೂ ಒಂದೊಂದು ಸ್ಪೀಕರು. ಜನ ಗ್ಲಾಸು ಹಿಡಿದು, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

“ನಿಲ್ಸೋ ಅದನ್ನ! ನನ್ನ ಮಗ ಸತ್ತಾಗ ಅತ್ತಿದ್ದು ಅದು.”

“ಪ್ಲೀಸ್, ಕೂಗಬೇಡ,” ವೇಣುಗೋಪಾಲ ಮೆಲ್ಲಗೆ ಹೇಳಿದ. “ನಿಮ್ಮ ಜನರ ನೋವಿಗೆ ನಾನು ಗೌರವ ಕೊಡ್ತಿರೋದು. ನಿನ್ನ ಹೆಸರು ಎಲ್ಲೂ ಹಾಕಿಲ್ಲ. ಯಾರಿಗೂ ಗೊತ್ತಾಗಲ್ಲ.”

“ನಂಗೆ ಗೊತ್ತಲ್ಲೋ, ಸೂಳೆಮಗನೆ!”

ಅವಳ ಕೂಗು ಕೋಣೆ ತುಂಬಿತು. ಇದೂ ಪ್ರದರ್ಶನದ ಭಾಗವೆಂದುಕೊಂಡು ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ವೇಣುಗೋಪಾಲ ಅಲ್ಲ ಎನ್ನಲಿಲ್ಲ.

ನನ್ನ ಕಡೆ ತಿರುಗಿ ಕನ್ನಡದಲ್ಲಿ ಪಿಸುಗುಟ್ಟಿದ: “ಮಹಾದೇವಕ್ಕ, ಇವಳನ್ನ ಆಚೆ ಕರ್ಕೊಂಡ್ ಹೋಗಿ. ನಿಮ್ಮದೂ ಒಂದ್ಸಲ ರೆಕಾರ್ಡ್ ಮಾಡ್ಬೇಕು ಅಂತಿದ್ದೆ. ನಿಮ್ಮ ಜನದಲ್ಲಿ ಹೆಣದ ಮುಂದೆ ಹಾಡ್ಕೊಂಡು ಅಳ್ತಾರಂತಲ್ಲ? ವೆರಿ ಪವರ್‌ಫುಲ್.”

“ಅಳಾಕ ಹೆಣ ಬೇಕಲ್ರೀ ಮದ್ಲ. ನಿಮ್ಮನ್ಯಾಗ ಯಾರರ ಸಾಯ್ರಿ, ಬಂದು ಅಳ್ತೀನಿ.”

ಜನರ ನಡುವಿನಿಂದ ನುಗ್ಗಿ ಬಂದ ರಾಜಲಕ್ಷ್ಮಿಯವರ ಕೈ ನನ್ನ ಕೆನ್ನೆಗೆ ಬಿತ್ತು. “ಕೀಳು ಜಾತಿ ನಾಲಿಗೆ! ನಿನ್ನನ್ನ ಈ ವಾರವೇ ಇಂಡಿಯಾಗೆ ವಾಪಸ್ ಕಳಿಸ್ತೀನಿ ನೋಡ್ತಿರು.”

ಕಳಿಸುತ್ತಾರೆಂದು ನನಗೆ ಗೊತ್ತಿತ್ತು. ಕೆನ್ನೆ ಉರಿಯುತ್ತಿತ್ತು. ಬಾಗಿಲಲ್ಲಿ ಇಬ್ಬರು ಗಾರ್ಡುಗಳು ಕಾಣಿಸಿದರು.

ಅರ್ನೆಸ್ಟೀನ್ ಯಾರ ಮುಖವನ್ನೂ ನೋಡಲಿಲ್ಲ. ಹತ್ತಿರದ ಸ್ಪೀಕರಿನ ಮುಂದೆ ಮೊಣಕಾಲೂರಿ, ಹಟ ಹಿಡಿದ ಮಗುವಿನ ಬಾಯಿ ಮುಚ್ಚುವ ಹಾಗೆ ಎರಡೂ ಅಂಗೈ ಒತ್ತಿ ಹಿಡಿದಳು. ಬೆರಳುಗಳ ಕೆಳಗೆ ಅದರ ಬಟ್ಟೆ ನಡುಗುತ್ತಿತ್ತು. ನಾನು ಹೋಗಿ ಇನ್ನೊಂದು ಮೂಲೆಯದನ್ನು ಮುಚ್ಚಿ ಹಿಡಿದೆ.

ಉಳಿದೆರಡು ಅಳುತ್ತಲೇ ಇದ್ದವು.