ಗಲ್ಲಿಯ ಕಡೆಗೊಂದು ಕಿಟಕಿ

ಮೇಸ್ತ್ರಿ ಸಲ್ಲಾಮನ ಉಳಿ ಗೋಡೆಯ ಆಚೆ ಬದಿಗೆ ತೂರಿದಾಗ ಮುಷ್ಟಿಯಷ್ಟು ಬೆಳಕು ಒಳಗೆ ಬಿತ್ತು. ಬತೂಲ್ ಅವನನ್ನು ಪಕ್ಕಕ್ಕೆ ಸರಿಸಿ ತೂತಿಗೆ ಕಣ್ಣಿಟ್ಟಳು. ಗಲ್ಲಿಯಾಚೆ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಊರವರು ಗೌರವದಿಂದ ‘ಲಲ್ಲಾ’ ಎನ್ನುವ ಎದುರು ಮನೆಯ ಮನ್ನಾನಾ ಅರೆತೆರೆದ ಬಾಗಿಲೊಳಗೆ ಕೂತು ಬಟಾಣಿ ಸುಲಿಯುತ್ತಿದ್ದಳು. ಕಣ್ಣಿಗೆ ಕಣ್ಣು ಸೇರಿತು. ಮನ್ನಾನಾ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದಳು.

"ಬಂದ್ಲು ನೋಡಿ," ಎಂದ ಮೇಸ್ತ್ರಿ, ಉಳಿ ಕೆಳಗಿಟ್ಟು. "ಫೆಸ್‌ನಲ್ಲಿ ಒಬ್ಬರ ಬಾಗಿಲಿಗೆ ಇನ್ನೊಬ್ಬರ ಬಾಗಿಲನ್ನೇ ಎದುರು ಇಡಲ್ಲ ಅಂತ ಹೇಳಿದ್ದೆ. ನೀವು ಕಿಟಕಿ ಅಂತೀರಿ."

ಬತೂಲ್ ರಿಫ್ ಬೆಟ್ಟದ ಹಳ್ಳಿಯವಳು; ಫೆಸ್ ಅವಳಿಗೆ ಗಂಡನ ಊರು ಅಷ್ಟೆ. ಮದುವೆಯಾದ ವರ್ಷವೇ ಹಾಲೆಂಡಿಗೆ ಹೋಗಿ, ಅಲ್ಲಿ ಮೂವತ್ತು ವರ್ಷ ಬೀದಿಗೆ ಮುಖಮಾಡಿದ ದೊಡ್ಡ ಗಾಜಿನ ಹಿಂದೆ ಬದುಕಿದ್ದಳು. ಅವರ ಬೀದಿಯಲ್ಲಿ ಯಾರೂ ಪರದೆ ಎಳೆಯುತ್ತಿರಲಿಲ್ಲ. ಮೊದಮೊದಲು ನಾಚಿಕೆಯಿಂದ ಅಡುಗೆಮನೆಯಲ್ಲೇ ಅಡಗಿದ್ದಳು. ಆಮೇಲೆ ಗಾಜಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡಳು. ಮಳೆಯಲ್ಲಿ ಸೈಕಲ್ಲುಗಳು ಮೀನುಗಳ ಹಾಗೆ ಸದ್ದಿಲ್ಲದೆ ಹಾದುಹೋಗುತ್ತಿದ್ದವು.

ಇಲ್ಲಿಯ ಮನೆ ಕಿಟಕಿಗಳನ್ನೆಲ್ಲ ತನ್ನ ಅಂಗಳಕ್ಕೇ ತೆರೆದು, ಗಲ್ಲಿಗೆ ಬೆನ್ನು ಹಾಕಿ ಕೂತಿತ್ತು. ಮಧ್ಯಾಹ್ನ ಮಲಗಿದರೆ ಅರೆನಿದ್ದೆಯಲ್ಲಿ ಗೋಡೆಯ ಸುಣ್ಣದ ಮೇಲೆ ಸೈಕಲ್ಲುಗಳು ಸಾಗುತ್ತಿದ್ದವು. ಎದ್ದರೆ ಬರೀ ಗೋಡೆ. ಹಾಲೆಂಡಿನಿಂದ ಮರಳಿ ಆರು ತಿಂಗಳಾದರೂ ನೆರೆಯ ಒಂದು ಹೆಂಗಸೂ ಮಾತಾಡಿಸಿರಲಿಲ್ಲ. ಕೊನೆಗೆ ಗಂಡನಿಗೆ ಹೇಳಿಬಿಟ್ಟಳು: ಗಲ್ಲಿಯ ಕಡೆಗೊಂದು ಕಿಟಕಿ, ಇಲ್ಲವೇ ಹಾಲೆಂಡಿನಲ್ಲಿರುವ ಮಗಳ ಮನೆಗೆ ಟಿಕೆಟ್. ಹುಟ್ಟೂರಲ್ಲೇ ಸಾಯಬೇಕೆಂದು ಮನೆ ಕೊಂಡಿದ್ದ ಇದ್ರೀಸ್ ಮರುದಿನವೇ ಮೇಸ್ತ್ರಿಯನ್ನು ಕರೆತಂದಿದ್ದ.

ಮನ್ನಾನಾ ಅಂಗಳಕ್ಕೆ ನುಗ್ಗಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇದೇನೇ ಇದು? ನನ್ನ ಹೊಸ್ತಿಲ ಮೇಲೆ ಕಣ್ಣು ಕೂರಿಸ್ತೀಯಾ? ನನ್ನ ಹೆಣ್ಮಕ್ಕಳು ಬಾಗಿಲಿಗೆ ಬರೋದು ಹೇಗೆ?"

"ನಾನು ನೋಡಲ್ಲ ಲಲ್ಲಾ. ಹೋಗೋರು ಬರೋರು ನನ್ನ ನೋಡ್ಲಿ ಅಂತ."

"ನೋಡಿ ಏನ್ಮಾಡ್ಬೇಕು?"

"ಅಲ್ಲಿ ಕೈ ಬೀಸ್ತಿದ್ರು."

"ಆಮೇಲೆ?"

"ಹೋಗ್ತಿದ್ರು."

"ಒಳಗೆ ಬಂದು ಒಂದು ಲೋಟ ಚಹಾ ಕುಡೀತಿರ್ಲಿಲ್ವಾ?"

ಒಬ್ಬರೂ ಬಂದಿರಲಿಲ್ಲ. ಬತೂಲಳಿಗೆ ಸಿಟ್ಟು ಬಂತು. "ನೀವೂ ಬಂದಿಲ್ವಲ್ಲ."

"ನೀನು ಮಾಳಿಗೆ ಹತ್ತಿದ್ರೆ ತಾನೆ? ಗಲ್ಲಿ ಗಂಡಸ್ರದು ಕಣೇ. ನಾವಿರೋದು ಮೇಲೆ. ಬಂದಾಗಿಂದ ನಿಮ್ಮನೇದು ಒಂದು ಅಂಗಿ ಹಗ್ಗದ ಮೇಲೆ ಕಂಡಿಲ್ಲ. ಈ ಹಾಲೆಂಡ್‌ನೋರು ಬಟ್ಟೆ ಒಗೀತಾರೋ, ಇಲ್ಲ ಹರಿಯೋ ತನಕ ಹಾಗೇ ಉಟ್ಕೊಂಡಿರ್ತಾರೋ ಅಂತ ನಾವು ಪಂಥ ಕಟ್ಟಿದ್ದೀವಿ!"

ಮೇಸ್ತ್ರಿ ಕೆಮ್ಮಿ ನಗು ನುಂಗಿದ.

"ಮೆಷಿನ್ ತಂದಿದ್ದೀವಿ," ಎಂದಳು ಬತೂಲ್. "ಒಣಗ್ಸೋದೂ ಅದೇ."

"ಹಂಗಾದ್ರೆ ಅದ್ರ ಜೊತೇಲೇ ಮಾತಾಡ್ಕೊಂಡಿರು. ತೂತು ಮಾತ್ರ ಮುಚ್ಸು."

ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಮುಗಿದ ಮೇಲೆ ಬತೂಲ್ ತಿರುಗುತ್ತಿದ್ದ ಮೆಷಿನ್ನನ್ನು ನಿಲ್ಲಿಸಿ ಒದ್ದೆ ಹಾಸುಬಟ್ಟೆಯನ್ನು ಹೊರಗೆಳೆದಳು. ನೀರು ಸೋರುತ್ತಿದ್ದ ಅದನ್ನು ಹೆಗಲಿಗೆ ಹಾಕಿಕೊಂಡು, ಮಂಡಿ ಹಿಡಿದು ಹಿಡಿದು ಕಡಿದಾದ ಮೆಟ್ಟಿಲು ಹತ್ತಿದಳು.

ಮೇಲೆ ಮಾಳಿಗೆಗೆ ಮಾಳಿಗೆ ಅಂಟಿಕೊಂಡು ಊರಿಗೆ ಊರೇ ಸುಣ್ಣದ ಬಯಲಾಗಿತ್ತು. ಗಲ್ಲಿಗಳು ಎಲ್ಲಿ ಹೋದವೆಂದೇ ತಿಳಿಯಲಿಲ್ಲ. ಗಿಡ್ಡ ಗೋಡೆ ದಾಟಿ ಬಂದ ಹೆಂಗಸರು ತೊಳೆದ ಉಣ್ಣೆಯನ್ನು ಬಿಸಿಲಿಗೆ ಹರವಿಕೊಂಡು ಕೂತಿದ್ದರು. ಮೋಡವೊಂದು ಇಳಿದು ಅವರ ತೊಡೆಗಳ ಮೇಲೆ ಮಲಗಿದಂತಿತ್ತು. ಬತೂಲ್ ಯಾರನ್ನೂ ನೋಡದೆ ಹಾಸುಬಟ್ಟೆಯನ್ನು ಹಗ್ಗಕ್ಕೆ ಹಾಕಿದಳು.

"ಒಗೆದಿದ್ದಾಳೆ ಕಣ್ರೇ!" ಎಂದಿತು ಒಂದು ದನಿ. "ಮನ್ನಾನಾ, ಸೋತೆ!"

ಮನ್ನಾನಾ ತಲೆಯೆತ್ತಲಿಲ್ಲ. ತುಸು ಪಕ್ಕಕ್ಕೆ ಸರಿದಳು. ಬತೂಲ್ ಕೂತ ಮೇಲೆ ಎರಡು ಕೈ ತುಂಬ ಉಣ್ಣೆ ಎತ್ತಿ ಅವಳ ಮಡಿಲಿಗೆ ಸುರಿದಳು. "ಬಿಡಿಸು. ಮುಳ್ಳಿರುತ್ತೆ, ನೋಡ್ಕೊ."

ಕೆಳಗೆ, ಬಾವಿಯ ತಳದಿಂದೆಂಬಂತೆ, ಇದ್ರೀಸ್ ಕೂಗಿದ. "ಬತೂಲ್! ಮೇಸ್ತ್ರಿ ಕೇಳ್ತಿದ್ದಾನೆ. ಚೌಕಟ್ಟು ಕೂರಿಸೋದಾ, ಮುಚ್ಚಿಬಿಡೋದಾ?"

ಅವಳಿಗೆ ಕೇಳಿಸಿತು. ಬೆರಳಿಗೆ ಕುರಿಯ ಜಿಡ್ಡು ಅಂಟಿತ್ತು, ಗಂಟೊಂದು ಬಿಡಿಸಿಕೊಳ್ಳುವುದರಲ್ಲಿತ್ತು. ಗಾಳಿಗೆ ಉಣ್ಣೆಯ ಎಳೆಯೊಂದು ಮಡಿಲಿನಿಂದೆದ್ದು, ಪಕ್ಕದ ಮಾಳಿಗೆ, ಅದರಾಚೆಯ ಮಾಳಿಗೆ ದಾಟಿ, ಎಲ್ಲೂ ಇಳಿಯದೆ ಹೋಯಿತು.