ಟೀವಿಯಲ್ಲಿ ಹೊತ್ತಿ ಉರಿದ ಹೆಮ್ಮರಗಾಲ

ಸೋಸಲೆ ಹತ್ತಿರದ ಒಂದು ಊರಿನಲ್ಲಿ ಕಬ್ಬಿನ ತೋಟದ ಕಳೆ ಕೀಳುವ ಕೆಲಸ ನಿಂತುಹೋಗಿತ್ತು. ಮಳೆ ಬಂದು ನಿಂತದ್ದಲ್ಲ, ಆಳು ಸಿಗದೆ ನಿಂತದ್ದೂ ಅಲ್ಲ. ಮೇಲ್ಬೀದಿಯವರ ತೋಟಕ್ಕೆ ಕೆಳಬೀದಿಯ ಹೆಂಗಸರು ಬರಲು ಹೆದರುತ್ತಿದ್ದರು. ಅವರನ್ನು ಕರೆಯಲು ಇವರೂ ಹೆದರುತ್ತಿದ್ದರು. ಸ್ತ್ರೀಶಕ್ತಿ ಸಂಘದ ಸಭೆಗೆ ಬಂದವರು ಆ ವಾರ ಚಾಪೆಯ ಎರಡು ತುದಿಗೆ ಸರಿದು ಕೂತರು. ನಡುವೆ ಯಾರೂ ಕೂರಲಿಲ್ಲ.

ಇದಕ್ಕೆಲ್ಲ ಕಾರಣ ಟೀವಿಯಲ್ಲಿ ಬಂದ ಒಂದು ಸುದ್ದಿ. 2008ರ ವಿಧಾನಸಭಾ ಚುನಾವಣೆಯ ಸಮಯವದು. ಒಂದು ದಿನ ಬೆಳಿಗ್ಗೆಯಿಂದ ಚಾನೆಲ್ಲೊಂದು ಒಂದೇ ಸಮನೆ ಕೂಗುತ್ತಿತ್ತು: "ಹೆಮ್ಮರಗಾಲ ಉದ್ವಿಗ್ನ! ಎರಡು ಬೀದಿಯವರ ನಡುವೆ ಘರ್ಷಣೆ! ಬೆಂಕಿ! ರಕ್ತ!"

ಮೇಲ್ಬೀದಿಯ ಜವರಮ್ಮ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟಳು. ಮಗಳು ಕೋಮಲಳನ್ನು ಕೊಟ್ಟಿದ್ದು ಆ ಹೆಮ್ಮರಗಾಲಕ್ಕೇ. ಗಂಡ ದೇವರಾಜು ಮೊಬೈಲು ಒತ್ತಿದ, ಮತ್ತೆ ಒತ್ತಿದ. ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್.

"ಮುಗೀತು ಕಣಮ್ಮೀ. ಅಲ್ಲಿ ಒಡೆದಾಟ ಜೋರಾಗಿ ನಡೀತಾ ಅದೆ," ಎಂದ ದೇವರಾಜು. ಅವನಿಗೆ ಟೀವಿಯಲ್ಲಿ ಬಂದದ್ದೆಂದರೆ ಕಲ್ಲಿನ ಮೇಲೆ ಬರೆದ ಹಾಗೆ.

ಜವರಮ್ಮನಿಗೆ ಚಿಕ್ಕಂದಿನಿಂದ ಒಂದು ಚಾಳಿ. ಯಾರು ಏನು ಹೇಳಿದರೂ 'ಅದ್ಯಾಕೆ? ಅದೆಂಗೆ?' ಎಂದು ಕೇಳದಿದ್ದರೆ ಅವಳಿಗೆ ಉಂಡ ಅನ್ನ ಅರಗದು. ಅಳು ನುಂಗಿಕೊಂಡು ಟೀವಿಯ ಮುಂದೆ ಕೂತಳು. ತೋರಿಸಿದ್ದನ್ನೇ ತೋರಿಸುತ್ತಿದ್ದರು. ಕಪ್ಪು ಹೊಗೆ, ಓಡುವ ಜನ, ತಲೆಯಿಂದ ರಕ್ತ ಸುರಿಸಿಕೊಂಡ ಒಬ್ಬ ಗಂಡಸು, ಮತ್ತೆ ಹೊಗೆ. ನೋಡುತ್ತ ನೋಡುತ್ತ ಅವಳ ಕಣ್ಣು ಒಂದು ಮೂಲೆಗೆ ಹೋಯಿತು.

"ಇಲ್ನೋಡು, ಆ ಎಂಗಸ್ರ ಕೈಲಿ ಏನದೆ?"

"ಏನದೆ? ಕೊಡ."

"ಒಡೆದಾಡಕ್ಕೆ ಯಾರಾದ್ರೂ ಕೊಡ ಇಡ್ಕೊಂಡು ಓಡ್ತಾರಾ?"

ದೇವರಾಜುವಿಗೆ ರೇಗಿತು. "ನಿಂದೊಂದು! ಅಷ್ಟು ದೊಡ್ಡ ಚಾನೆಲ್‌ನೋರು ಸುಳ್ಳು ಯೋಳ್ತಾರಾ?"

ಸಂಜೆ ಹೊತ್ತಿಗೆ ಮೈಕು ಕಟ್ಟಿದ ಜೀಪು ಬಂತು. ಅದರಲ್ಲಿ ಮತ ಕೇಳಲು ಸುತ್ತುತ್ತಿದ್ದ ಮುಖಂಡ ಗಂಗಾಧರಸ್ವಾಮಿ. ಮೇಲ್ಬೀದಿಯ ಅರಳಿಕಟ್ಟೆಯ ಬಳಿ ಜೀಪು ನಿಲ್ಲಿಸಿ, "ಇವತ್ತು ಹೆಮ್ಮರಗಾಲ, ನಾಳೆ ನಿಮ್ಮೂರು! ಕೆಳಬೀದಿಯೋರ ಮೇಲೆ ಒಂದು ಕಣ್ಣಿಟ್ಟಿರಿ. ನಿಮ್ಮನ್ನ ಕಾಪಾಡೋರು ನಾವು ಮಾತ್ರ!" ಎಂದ. ಹುಡುಗರು ಆ ರಾತ್ರಿಯಿಂದ ಬಾಗಿಲ ಹಿಂದೆ ದೊಣ್ಣೆ ಇಟ್ಟುಕೊಂಡರು.

ಮರುದಿನವೂ ಮಗಳ ಫೋನಿಲ್ಲ. ಜವರಮ್ಮನಿಗೆ ತಡೆಯಲಾಗಲಿಲ್ಲ. ನೇರವಾಗಿ ಕೆಳಬೀದಿಗೆ ಇಳಿದಳು. ಅಲ್ಲಿ ಮಹದೇವಮ್ಮನ ಮನೆ. ಇಬ್ಬರೂ ಮದುವೆಯಾಗಿ ಬಂದಂದಿನಿಂದ ಜೊತೆಯಲ್ಲೇ ಕಳೆ ಕಿತ್ತವರು, ಜೊತೆಯಲ್ಲೇ ನಾಟಿ ಹಾಕಿದವರು.

ಮಹದೇವಮ್ಮ ಬಾಗಿಲು ಅರ್ಧ ತೆರೆದಳು. "ಯಾಕ್ ಬಂದೆ ಜವರಕ್ಕಾ? ನಿಮ್ಮೋರು ನೋಡುದ್ರೆ ಬಯ್ಯಲ್ವಾ?"

"ನೋಡ್ಲಿ ಬುಡು. ನಮ್ ಕೋಮಲನ ಸುದ್ದಿನೇ ಇಲ್ಲ ಕಣೆ. ಎಮ್ಮರಗಾಲಕ್ಕೆ ಓಗ್ತಾ ಇವ್ನಿ. ಜೊತೇಲಿ ಬತ್ತೀಯಾ?"

"ನಾನಾ? ನಾನು ಕೆಳಬೀದಿಯೋಳು. ಮೇಲ್ಬೀದಿಯೋರು ದೊಣ್ಣೆ ಮಡಗವ್ರೆ, ಉಷಾರಾಗಿರಿ ಅಂತ ಗಂಗಾಧರಸ್ವಾಮಿ ನೆನ್ನೆ ನಮ್ ಬೀದಿಗೆ ಬಂದು ಯೋಳುದ್ರು."

ಜವರಮ್ಮ ಬೆರಗಾದಳು. "ನಿಮ್ ಬೀದೀಲಿ ಅಂಗಂದ್ರಾ? ನಮ್ ಬೀದೀಲಿ ನಿಮ್ ಮೇಲೆ ಒಂದು ಕಣ್ಣಿಟ್ಟಿರಿ ಅಂದ್ರು ಕಣೆ!"

ಅರ್ಧ ತೆರೆದಿದ್ದ ಬಾಗಿಲು ಪೂರ್ತಿ ತೆರೆಯಿತು. ಮಹದೇವಮ್ಮ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

ದೇವರಾಜು ಬೈದ, ಬೇಡವೆಂದ. ಕೊನೆಗೆ ಇಬ್ಬರೇ ಹೋಗುವುದು ಕಂಡು ತಾನೂ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಟಿ. ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು. ನಂಜನಗೂಡಿನಲ್ಲಿ ಹೆಮ್ಮರಗಾಲದ ಬಸ್ಸು ಹತ್ತಿದರೆ ಅರ್ಧ ಸೀಟು ಖಾಲಿ. ಕಂಡಕ್ಟರ್ ಕೇಳಿದ, "ಟೀವಿ ನೋಡಿಲ್ವಾ ನೀವು? ಜನ ಆ ಕಡೀಕೆ ಬರೋದೇ ಬುಟ್ಟವ್ರೆ."

ದೇವರಾಜು ಹೆಂಡತಿಯ ಕಡೆ ನೋಡಿದ. ಜವರಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಕೈ ಮಾತ್ರ ಮಹದೇವಮ್ಮನ ಕೈಯನ್ನು ಬಿಗಿಯಾಗಿ ಹಿಡಿದಿತ್ತು.

ಊರೊಳಗೆ ಕಾಲಿಟ್ಟರೆ ಪೊಲೀಸರಿಲ್ಲ, ಗಲಾಟೆಯಿಲ್ಲ. ಜಗಲಿಯ ಮೇಲೆ ಕೂತು ಹೆಂಗಸರು ಹುಣಸೆಹಣ್ಣು ಬಿಡಿಸುತ್ತಿದ್ದರು. ಅವರ ನಡುವಿನಿಂದ ಕೋಮಲ ಎದ್ದು ಓಡಿ ಬಂದಳು.

"ಅವ್ವಾ! ಏನವ್ವಾ, ಯೋಳ್ದೆ ಕೇಳ್ದೆ ಬಂದ್ಬುಟ್ರಿ?"

ಜವರಮ್ಮ ಮಗಳ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಅವಳಿಗೆ ಅಳು ಬಂತು. "ಫೋನ್ಯಾಕೆ ಆಫ್ ಮಾಡಿದ್ದೆ?"

"ಕರೆಂಟ್ ತಂತಿ ಸುಟ್ಟೋಯ್ತು ಕಣವ್ವ. ಚಾರ್ಜ್ ಮಾಡಾದೆಂಗೆ? ಪಕ್ಕದ ಮನೆ ಚಿಕ್ಕಸ್ವಾಮಣ್ಣನ ಉಲ್ಲಿನ ಮೆದೆಗೆ ಬೆಂಕಿ ಬಿತ್ತು. ತಂತಿಯಿಂದ ಕಿಡಿ ಸಿಡಿದಿತ್ತು."

"ಒಡೆದಾಟ?" ಎಂದ ದೇವರಾಜು.

"ಯಾವ ಒಡೆದಾಟ ಅಪ್ಪ? ಎರಡು ಬೀದಿಯೋರೂ ಕೊಡ ಇಡ್ಕೊಂಡು ಓಡ್ಬಂದು ಬೆಂಕಿ ಆರಿಸಿದ್ರು."

ಜವರಮ್ಮ ಗಂಡನ ಕಡೆ ನೋಡಿದಳು. ಅವನು ಟವೆಲಿನಿಂದ ಮುಖ ಒರೆಸಿಕೊಂಡ.

"ಮತ್ತೆ ರಕ್ತ ಸುರೀತಿತ್ತಲ್ಲ, ಆವಯ್ಯ ಯಾರು?" ಎಂದ ದೇವರಾಜು.

ಕೋಮಲ ಒಬ್ಬ ಹುಡುಗನನ್ನು ಕೆಳಬೀದಿಗೆ ಓಡಿಸಿದಳು. ತಲೆಗೆ ಬಟ್ಟೆ ಸುತ್ತಿಕೊಂಡ ಶಿವಸ್ವಾಮಿ ಬಂದ. ಅವನು ಆ ಊರಿನ ಕೆಳಬೀದಿಯವನು. ಮೇಲ್ಬೀದಿಯ ಚಿಕ್ಕಸ್ವಾಮಿಯ ಕೊಟ್ಟಿಗೆಗೆ ಬೆಂಕಿ ತಗಲಿದಾಗ ಒಳಗೆ ನುಗ್ಗಿ ದನಗಳ ಹಗ್ಗ ಬಿಚ್ಚಿದ್ದ. ಹೊರಬರುವಾಗ ಸೂರಿನ ಹೆಂಚು ತಲೆಯ ಮೇಲೆ ಬಿದ್ದಿತ್ತು.

"ನಂಜನಗೂಡು ಆಸ್ಪತ್ರೇಲಿ ತಲೆಗೆ ಒಲಿಗೆ ಆಕಿಸ್ಕೊಂಡು ಟೀ ಅಂಗಡಿಗೆ ಬಂದ್ರೆ ಟೀವೀಲಿ ನಾನೇ ಅವ್ನಿ ಕಣಣ್ಣ!" ಎಂದು ನಕ್ಕ. "ನಂಗೆ ಮೇಲ್ಬೀದಿಯೋರು ಒಡೆದ್ರಂತೆ. ಒಡೆಸ್ಕೊಂಡೋನಿಗೇ ಗೊತ್ತಿಲ್ಲ!"

"ಆ ಟೀವಿಯೋರು ನಿನ್ನ ಏನೂ ಕೇಳ್ಳಿಲ್ವಾ?" ಮಹದೇವಮ್ಮ ಕೇಳಿದಳು.

"ಯಾರೂ ಬರ್ನೇ ಇಲ್ಲಕ್ಕ. ದಾರಿ ಮೇಲೆ ಓಗ್ತಿದ್ದ ಯಾರೋ ದೂರದಿಂದ್ಲೇ ಕ್ಯಾಮ್ರಾದಲ್ಲಿ ಇಡ್ಕೊಂಡು ಕಳಿಸವ್ರೆ. ನಾವೇ ನಂಜನಗೂಡಿಂದ ಆ ಚಾನೆಲ್‌ಗೆ ಫೋನ್ ಮಾಡುದ್ವಿ. 'ಅದು ಅಳೇ ಸುದ್ದಿ ಆಯ್ತು ಬುಡಿ' ಅಂದ್ರು."

ಶಿವಸ್ವಾಮಿ ಕೊಟ್ಟಿಗೆಯ ಕಡೆ ಕೈ ತೋರಿಸಿದ. ಸುಟ್ಟ ಮೆದೆಯ ಕಪ್ಪು ಬೂದಿಯ ಪಕ್ಕ ಚಿಕ್ಕಸ್ವಾಮಿಯ ದನಗಳು ನಿಂತಿದ್ದವು. ಮುಂದೆ ಹಾಕಿದ್ದ ಒಂದಿಷ್ಟು ಒಣ ಸೊಪ್ಪನ್ನು ಮೂಸಿ ಮುಖ ತಿರುಗಿಸುತ್ತಿದ್ದವು.

"ಈ ಸುದ್ದಿ ಇಲ್ದಿದ್ರೆ ಇಷ್ಟೊತ್ಗೆ ಸುತ್ತಮುತ್ತಲ ಊರೋರು ಗಾಡೀಲಿ ಉಲ್ಲು ತಂದು ಕೊಡ್ತಿದ್ರು," ಎಂದಳು ಕೋಮಲ. "ಈಗ ಎದರ್ಕೊಂಡು ಯಾರೂ ಬರಾಕಿಲ್ಲ. ದನ ಮಾರ್ಬುಡ್ತೀನಿ ಅಂತಾ ಅವ್ನೆ ಚಿಕ್ಕಸ್ವಾಮಣ್ಣ."

ದೇವರಾಜು ಹೋಗಿ ಆ ದನಗಳ ಬೆನ್ನು ಸವರಿದ.

ಅವರು ಊರು ಸೇರಿದ ಮಾರನೆಯ ದಿನ ಜೀಪು ಮತ್ತೆ ಬಂತು. ಗಂಗಾಧರಸ್ವಾಮಿ ಮೈಕು ಹಿಡಿಯುವ ಮೊದಲೇ ಜವರಮ್ಮ ಕಟ್ಟೆಯ ಬಳಿ ನಿಂತಿದ್ದಳು. ಪಕ್ಕದಲ್ಲಿ ಮಹದೇವಮ್ಮ.

"ಅಣ್ಣಾ, ನೀವು ಎಮ್ಮರಗಾಲಕ್ಕೆ ಓಗಿದ್ರಾ?"

"ಓಗೋದೇನಮ್ಮ? ಟೀವೀಲಿ ಇಡೀ ಪ್ರಪಂಚ ನೋಡೈತಲ್ಲ!"

"ನಾವು ಓಗಿದ್ವಿ," ಎಂದು ಜವರಮ್ಮ ಕಂಡದ್ದನ್ನೆಲ್ಲ ಹೇಳಿದಳು. ಜನ ಸೇರಿದರು. ಆಗ ಮಹದೇವಮ್ಮ ಮೆಲ್ಲಗೆ ಕೇಳಿದಳು, "ನಮ್ ಬೀದೀಲಿ ಇವ್ರನ್ನ ನೋಡಿ ಎದರ್ಕೊಳಿ ಅಂದ್ರಿ. ಇವ್ರ ಬೀದೀಲಿ ನಮ್ಮನ್ನ ನೋಡಿ ಎದರ್ಕೊಳಿ ಅಂದ್ರಿ. ಯಾವ್ದು ನಿಜ ಅಣ್ಣಾ?"

ಯಾರೋ ಹಿಂದಿನಿಂದ ಕಿಸಕ್ಕೆಂದರು. ಗಂಗಾಧರಸ್ವಾಮಿ, "ಬೇರೆ ಊರಲ್ಲಿ ಸಭೆ ಅದೆ, ಆಮೇಲೆ ಬತ್ತೀನಿ," ಎಂದು ಜೀಪು ಹತ್ತಿದ.

ಜೀಪಿನ ಧೂಳು ಅಡಗುವ ಮೊದಲೇ ದೇವರಾಜು ತನ್ನ ಮೆದೆಯಿಂದ ಹುಲ್ಲಿನ ಹೊರೆ ಎಳೆಯತೊಡಗಿದ. "ಏನ್ ನೋಡ್ತಾ ನಿಂತಿದ್ದೀರ್ಲಾ? ಅಲ್ಲಿ ದನ ಉಪಾಸ ಅವೆ. ಟ್ರ್ಯಾಕ್ಟರ್ ತನ್ರಲಾ!" ಎಂದು ಹುಡುಗರಿಗೆ ಕೂಗಿದ. ಮೇಲ್ಬೀದಿಯಿಂದ ಒಂದಷ್ಟು ಹೊರೆ ಬಂತು, ಕೆಳಬೀದಿಯಿಂದ ಒಂದಷ್ಟು. ಟ್ರ್ಯಾಕ್ಟರ್ ತುಂಬಿದ ಮೇಲೆ ಯಾವ ಹುಲ್ಲು ಯಾವ ಬೀದಿಯದೆಂದು ಹೇಳುವಂತಿರಲಿಲ್ಲ. ಚಿಕ್ಕಸ್ವಾಮಿ ದನ ಮಾರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಟೀವಿ ನೋಡಿ, ಪೇಪರ್ ಓದಿ, ಭಾಷಣವನ್ನೂ ಕೇಳಿ. ಆದರೆ ಎದೆ ನಡುಗಿಸುವ ಸುದ್ದಿ ಬಂದಾಗ ಒಂದು ಗಳಿಗೆ ತಾಳಿ. ಇದನ್ನು ಕಣ್ಣಾರೆ ಕಂಡವರು ಯಾರು? ಅಲ್ಲಿದ್ದವರನ್ನು ಯಾರಾದರೂ ಕೇಳಿದರೇ? ನಾನು ಹೆದರಿದರೆ ಲಾಭ ಯಾರಿಗೆ? ಹೀಗೆ ಕೇಳುವುದಕ್ಕೆ ಓದು ಬೇಕಿಲ್ಲ. ಗೊತ್ತಾಗದಿದ್ದರೆ ಆ ಊರಿನ ನೆಂಟರನ್ನು ಕೇಳಿ, ಪಕ್ಕದ ಬೀದಿಯವರ ಬಾಗಿಲು ತಟ್ಟಿ. ನಿಜ ತಿಳಿಯುವ ತನಕ ಆ ಮಾತನ್ನು ಇನ್ನೊಬ್ಬರ ಕಿವಿಗೆ ದಾಟಿಸಬೇಡಿ. ಇನ್ನು ನಿಮ್ಮ ಮತ, ಅದು ನಿಮ್ಮದು. ಯೋಚಿಸಿ ಯಾರಿಗೆ ಬೇಕಾದರೂ ಹಾಕಿ, ಹೆದರಿ ಮಾತ್ರ ಯಾರಿಗೂ ಹಾಕಬೇಡಿ.