ಮೂರು ನಿಮಿಷ ಹನ್ನೊಂದು ಸೆಕೆಂಡು

ಧ್ವನಿ ಸಂಗ್ರಹಾಲಯದ ಎರಡನೇ ಮಹಡಿಯ ಕೋಣೆಯಲ್ಲಿ ಮೂರು ಕುರ್ಚಿ, ಒಂದು ಕಂಪ್ಯೂಟರ್, ಹಳೆಯ ರೆಕಾರ್ಡು ಹಾಕುವ ಒಂದು ಯಂತ್ರ ಇದ್ದವು. ಗಂಟೆ ಮೂರೂಕಾಲು. ಐದಕ್ಕೆ ಬಾಗಿಲು ಹಾಕುತ್ತಾರೆ. ಅಷ್ಟರೊಳಗೆ ಎಂಬತ್ತೆರಡು ವರ್ಷದ ಗಾಯಕಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದಿದ್ದರೆ ಅವರ ಏಕೈಕ ರೆಕಾರ್ಡು ಸಂಗ್ರಹದಿಂದ ಹೊರಗೇ ಉಳಿಯುತ್ತದೆ. ಅವರು ಹಾಕುವುದಿಲ್ಲ ಎಂದು ಕೂತಿದ್ದರು.

ಕಾರಣ ಪರದೆಯ ಮೇಲಿತ್ತು. ಗತಿ: ದ್ರುತ. ಶ್ರುತಿ: ಬಿಳಿ ಆರು. ಭಾವ: ಚೆಲ್ಲಾಟ. ಅವಧಿ: ಮೂರು ನಿಮಿಷ.

“ಇದು ನಾನಲ್ಲ. ನನ್ನ ಶ್ರುತಿ ಕಪ್ಪು ನಾಲ್ಕು, ಹಾರ್ಮೋನಿಯಂನಲ್ಲಿ ಅದಕ್ಕಿಂತ ಒಂದು ಮನೆ ಕೆಳಗೆ. ಜನ್ಮದಲ್ಲಿ ಬಿಳಿ ಆರಕ್ಕೆ ಹಾಡಿದವಳಲ್ಲ,” ಎಂದರು.

“ಅಜ್ಜೀ, ಅರವತ್ತಮೂರು ವರ್ಷ ಆಯ್ತಲ್ಲ, ನೆನಪು ಸ್ವಲ್ಪ ಹಿಂದೆಮುಂದೆ ಆಗಿರಬಹುದು,” ಎಂದ ತಂತ್ರಜ್ಞ.

“ಅಜ್ಜಿ ನಿಮ್ಮನೇಲಿದ್ದಾರೆ. ನಾನು ಹಾಡುವವಳು.”

ಪಕ್ಕದಲ್ಲಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಅವಳು ಆಸ್ಪತ್ರೆಯ ನರ್ಸ್; ರಾತ್ರಿ ಪಾಳಿ ಮುಗಿಸಿ ಎರಡು ಗಂಟೆ ಮಲಗಿ ಬಂದಿದ್ದಳು. ಅಮ್ಮನ ದೂರು ಅವಳಿಗೆ ಹೊಸದಲ್ಲ. ರೆಕಾರ್ಡು ಬಂದ ವರ್ಷ ಪತ್ರಿಕೆಯೊಂದು ‘ಬಸ್ಸು ಹಿಡಿಯಲು ಹೊರಟವರಂತೆ ಹಾಡಿದ್ದಾರೆ’ ಎಂದು ಬರೆದಿತ್ತು. ಆಮೇಲೆ ಊರೆಲ್ಲ ‘ಎಕ್ಸ್‌ಪ್ರೆಸ್’ ಎಂದು ಅಡ್ಡಹೆಸರಿಟ್ಟಿತು. ಎರಡು ವರ್ಷದಲ್ಲಿ ವೇದಿಕೆಗೆ ಕರೆಯುವವರೇ ಇಲ್ಲವಾದರು. ಅಮ್ಮ ಆ ರೆಕಾರ್ಡನ್ನು ಮನೆಯಲ್ಲಿ ಇಟ್ಟುಕೊಳ್ಳಲೂ ಇಲ್ಲ.

“ಎಷ್ಟು ಕಷ್ಟಪಟ್ಟು ಸ್ವಚ್ಛ ಮಾಡಿದ್ದೀನಿ ಕೇಳಿ, ಸಿಸ್ಟರ್,” ಎಂದು ತಂತ್ರಜ್ಞ ಮೊದಲು ತಿದ್ದದ ಪ್ರತಿ ಹಾಕಿದ. ತಂಬೂರಿ, ಅದರ ಮೇಲೆ ಹತ್ತೊಂಬತ್ತರ ಹುಡುಗಿಯ ಓಡುವ ದನಿ, ಎಲ್ಲದರ ಹಿಂದೆ ಟಿಕ್, ಟಿಕ್.

ಮಗಳ ಎರಡು ಬೆರಳು ತಾವಾಗಿಯೇ ತನ್ನ ಮಣಿಕಟ್ಟಿನ ಮೇಲೆ ಕೂತವು. ಗಡಿಯಾರ ನೋಡಿಕೊಂಡು ನಾಡಿ ಎಣಿಸುವುದು ಅವಳ ಮೂವತ್ತು ವರ್ಷದ ಅಭ್ಯಾಸ. ಈಗ ಎಣಿಸಿದ್ದು ಆ ಟಿಕ್‌ಗಳನ್ನು: ಒಂದು ನಿಮಿಷಕ್ಕೆ ಅರವತ್ತನಾಲ್ಕು.

“ಈ ಟಿಕ್ ಏನು, ಸಾರ್?”

“ಗೀರು. ರೆಕಾರ್ಡಿನ ಮೇಲೆ ಗೆರೆ ಬಿದ್ದಿರುತ್ತೆ. ಸುತ್ತಿಗೊಂದು ಸಲ ಮುಳ್ಳು ಅದಕ್ಕೆ ತಾಗುತ್ತೆ. ನಾನು ಪೂರ್ತಿ ಅಳಿಸಿದ್ದೀನಿ.”

“ನಿಮಿಷಕ್ಕೆ ಎಷ್ಟು ಸುತ್ತು?”

“ಎಪ್ಪತ್ತೆಂಟು.”

“ಹಾಗಾದ್ರೆ ಟಿಕ್ಕೂ ಎಪ್ಪತ್ತೆಂಟು ಇರಬೇಕು. ನಾನು ಎಣಿಸಿದ್ದು ಅರವತ್ತನಾಲ್ಕು.”

ತಂತ್ರಜ್ಞ ಅವಳನ್ನೊಮ್ಮೆ ನೋಡಿದ. ಹೆಡ್‌ಫೋನ್ ಹಾಕಿಕೊಂಡು ತಾನೂ ಎಣಿಸಿದ. ಮುಖದ ನಗು ಹೋಯಿತು.

ತಾಯಿ ಮೆಲ್ಲಗೆ ಹೇಳಿದರು: “ಅದು ಗಡಿಯಾರ ಕಣೇ. ಮೈಕಿನ ಹಿಂದೇನೇ ಆಳೆತ್ತರದ್ದು ನಿಂತಿತ್ತು, ಲೋಲಕದ್ದು. ಸೆಕೆಂಡಿಗೊಂದು ಟಿಕ್. ತಾಳದವನು ಅವತ್ತು ಕೈಕೊಟ್ಟ. ನಾನು ಅದನ್ನೇ ತಾಳ ಮಾಡ್ಕೊಂಡು ಹಾಡಿದೆ.”

“ಹಾಗಾದ್ರೆ ನಿಮಿಷಕ್ಕೆ ಅರವತ್ತೇ ಕೇಳಬೇಕಿತ್ತು, ರೆಕಾರ್ಡೇ ಬೇಗ ಓಡ್ತಿದೆ,” ಎಂದಳು ಮಗಳು. “ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಗಡಿಯಾರದ ಜೊತೆ ಹಾಡಿದೆ ಅಂದ್ರೆ ಇನ್ನೊಂದು ಅಡ್ಡಹೆಸರು ಇಡ್ತಿದ್ರು.”

ತಂತ್ರಜ್ಞ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. “ಗಡಿಯಾರವೇ ಮುಂದೆ ಓಡ್ತಿದ್ರೆ?”

“ನಿಮಿಷಕ್ಕೆ ನಾಲ್ಕು ಸೆಕೆಂಡು ಮುಂದೆ ಹೋದ್ರೆ ದಿನಕ್ಕೆ ಒಂದೂವರೆ ಗಂಟೆ ದಾಟುತ್ತೆ. ಅಂಥದ್ದನ್ನ ಯಾರಾದ್ರೂ ಸ್ಟುಡಿಯೋದಲ್ಲಿ ಇಟ್ಕೋತಾರಾ?” ಎಂದಳು ಮಗಳು. “ಪೂರ್ತಿ ಎಣಿಸೋಣ. ನೀವೂ ಬರ್ಕೊಳ್ಳಿ.”

ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಐದೈದರ ಗೆರೆ ಎಳೆದರು. ಮೊದಲ ಸಲ ಲೆಕ್ಕ ಕೂಡಲಿಲ್ಲ. ಅವನದು ನೂರಾ ಎಂಬತ್ತೆಂಟು, ಅವಳದು ನೂರಾ ತೊಂಬತ್ತೊಂದು. “ಹಾಡು ಕೇಳ್ತಾ ಕೂತಿರಬೇಕು ನೀವು,” ಎಂದರು ತಾಯಿ. ಎರಡನೇ ಸಲ ಇಬ್ಬರದೂ ನೂರಾ ತೊಂಬತ್ತೊಂದು. ಮೂರು ನಿಮಿಷಕ್ಕೆ ಇರಬೇಕಾದದ್ದು ನೂರಾ ಎಂಬತ್ತು.

ಅವತ್ತು ರೆಕಾರ್ಡು ಕೊರೆದ ಯಂತ್ರ ಎಪ್ಪತ್ತೆಂಟಕ್ಕಿಂತ ನಿಧಾನವಾಗಿ ತಿರುಗಿತ್ತು. ಕೇಳುವವರ ಯಂತ್ರಗಳೆಲ್ಲ ಎಪ್ಪತ್ತೆಂಟಕ್ಕೆ ತಿರುಗಿ ಹಾಡನ್ನು ಓಡಿಸಿದವು, ಶ್ರುತಿಯನ್ನೂ ಏರಿಸಿದವು. ತಂತ್ರಜ್ಞ ಕಪಾಟಿನಿಂದ ಮೂಲ ರೆಕಾರ್ಡು ತೆಗೆದು ಯಂತ್ರದ ಮೇಲಿಟ್ಟು, ವೇಗದ ತಿರುಪನ್ನು ಎಪ್ಪತ್ತಮೂರೂವರೆಗೆ ತಂದ. ಗಂಟೆ ನಾಲ್ಕೂ ಹತ್ತು.

ಟಿಕ್ ಸೆಕೆಂಡಿಗೆ ಸರಿಯಾಗಿ ಬಿತ್ತು. ತಂಬೂರಿ ಕೆಳಗಿಳಿಯಿತು. ಮೇಜಿನ ಮೇಲಿದ್ದ ಸಂಗೀತದ ಪುಟ್ಟ ಕೀಬೋರ್ಡಿನಲ್ಲಿ ತಂತ್ರಜ್ಞ ಕಪ್ಪು ನಾಲ್ಕು ಒತ್ತಿದ, ಎರಡೂ ಒಂದಾದವು. ದನಿಗೆ ಈಗ ಉಸಿರಿತ್ತು. ಪ್ರತಿ ಸ್ವರದ ಮೇಲೂ ಹುಡುಗಿ ಪೂರ್ತಿ ಕಾಲೂರಿ ನಿಂತು ಮುಂದೆ ಹೋಗುತ್ತಿದ್ದಳು. ಮಗಳು ಈ ದನಿಯನ್ನು ಅಡುಗೆಮನೆಯಲ್ಲಿ ಕೇಳಿದ್ದಳು, ಬೇರೆಲ್ಲೂ ಕೇಳಿರಲಿಲ್ಲ.

ತಾಯಿ ಅಳಲಿಲ್ಲ. ಕೊನೆಯವರೆಗೂ ತೊಡೆಯ ಮೇಲೆ ತಾಳ ಹಾಕಿದರು. ಮುಗಿದ ಮೇಲೆ, “ಹಾಂ, ಇವಳು,” ಎಂದರು.

ತಂತ್ರಜ್ಞ ತಿದ್ದತೊಡಗಿದ. ಗತಿ: ವಿಳಂಬ. ಶ್ರುತಿ: ಕಪ್ಪು ನಾಲ್ಕು. ಅವಧಿ: ಮೂರು ನಿಮಿಷ ಹನ್ನೊಂದು ಸೆಕೆಂಡು. “ಭಾವ ಏನು ಹಾಕಲಿ, ಅಮ್ಮಾ? ಪಟ್ಟೀಲಿ ಶಾಂತ ಇದೆ, ಭಕ್ತಿ ಇದೆ, ವಿರಹ...”

“ಹಠ ಇದೆಯಾ?”

“ಹಠ ಭಾವ ಅಲ್ವಲ್ಲ.”

“ಬೇಗ ಬೇಗ ಹಾಡಮ್ಮ, ಎರಡು ಚರಣ ಹಿಡಿಸಬೇಕು ಅಂತ ಕಂಪನಿಯವನು ನಾಲ್ಕು ಸಲ ಹೇಳಿದ. ಆಗಲ್ಲ, ಒಂದೇ ಚರಣ, ನಿಧಾನಕ್ಕೇ ಹಾಡ್ತೀನಿ ಅಂತ ಕೂತೆ. ನೀವು ಈಗ ಕೇಳಿದ್ದು ಅದನ್ನೇ. ಬರಿ.”

ಅವನು ‘ಇತರೆ’ ಒತ್ತಿ ಬರೆದ. ತಾಯಿ ಪೆನ್ನು ತೆಗೆದುಕೊಂಡವರು ಮತ್ತೆ ನಿಲ್ಲಿಸಿದರು.

“ಟಿಕ್ ಅಳಿಸಬಾರದು.”

“ಜನ ಗೀರು ಅಂದ್ಕೋತಾರೆ, ಅಮ್ಮಾ.”

“ಅಂದ್ಕೊಳ್ಳದ ಹಾಗೆ ಬರಿ.”

ನಾಲ್ಕು ಐವತ್ತೆರಡಕ್ಕೆ ಪತ್ರ ಮುದ್ರಣವಾಗಿ ಬಂತು. ಪಕ್ಕವಾದ್ಯದ ಸಾಲಿನಲ್ಲಿ ‘ತಂಬೂರಿ, ಲೋಲಕದ ಗಡಿಯಾರ’ ಎಂದಿತ್ತು. ತಾಯಿ ಕನ್ನಡಕ ಏರಿಸಿ ಸಾಲುಸಾಲಾಗಿ ಓದಿದರು. ತಂತ್ರಜ್ಞ ಬಾಗಿಲ ಕಡೆ ನೋಡಿದ.

“ಬೇಗ ಅಮ್ಮಾ, ಎಂಟೇ ನಿಮಿಷ,” ಎಂದಳು ಮಗಳು.

“ಬೇಕಾದಷ್ಟಾಯ್ತು,” ಎಂದು ಅವರು ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದರು.